ಕೊನೆಯ ಪುಟಗಳನ್ನು ಹೊಲಿಯುತ್ತಿದ್ದ ಅಮ್ಮ

ಹಣೆಯ ತುಂಬ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ, ತುಟಿಗಳ ನಡುವೆ ಕಚ್ಚಿ ಹಿಡಿದ ಗೇಣುದ್ದದ ದಬ್ಬಣ. ಅಕ್ಕಿ ಚೀಲದ ಬಾಯಿ ಹೊಲಿಯುತ್ತಾರಲ್ಲ, ಆ ದಬ್ಬಣ. ನಾನು ಮೊದಲ ಸಲ ನೋಡಿದಾಗ ಲೈಬ್ರರಿ ಅಮ್ಮ ಅದನ್ನು ಬಾಯಿಂದ ತೆಗೆದು ಒಂದು ಪತ್ತೇದಾರಿ ಕಾದಂಬರಿಗೆ ಕಸಕ್ಕನೆ ಚುಚ್ಚಿದರು. ನಾನು ಅಯ್ಯೋ ಎಂದೆ. ಅವರು ತಲೆ ಎತ್ತದೆ, "ಯಾಕವಾ, ರಕ್ತ ಬಂತೇನು?" ಎಂದರು.

ಕಂಪ್ಲಿಯ ಅಕ್ಕಿ ಗಿರಣಿ ಮನೆತನದವರು ಅವರು. ಮಕ್ಕಳ ಓದಿಗೆಂದು ಹೊಸಪೇಟೆಗೆ ಬಂದವರು, ಮಕ್ಕಳು ಓದಿ ಮುಗಿಸಿ ಹೋದರೂ ಇಲ್ಲೇ ಉಳಿದುಬಿಟ್ಟಿದ್ದರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮನೆಯ ಮುಂದಿನ ಕೋಣೆಯೇ ಅವರ ಬಾಡಿಗೆ ಪುಸ್ತಕಗಳ ಲೈಬ್ರರಿ. ಪತ್ತೇದಾರಿ, ಥ್ರಿಲ್ಲರ್ ಬಿಟ್ಟರೆ ಬೇರೇನೂ ಅಲ್ಲಿ ಸಿಗುತ್ತಿರಲಿಲ್ಲ. ಯಾರಾದರೂ ಅಡುಗೆ ಪುಸ್ತಕ ಕೇಳಿದರೆ, "ಬ್ಯಾರೆ ಕಡಿ ನೋಡ್ರಿ. ಇಲ್ಲಿ ಒಂದಾರ ಹೆಣ ಬೀಳಬೇಕು" ಎನ್ನುತ್ತಿದ್ದರು. ಬೆಳಗ್ಗೆ ಒಂದು ಗಂಟೆ ಪೂಜೆ ಮಾಡಿ ಎದ್ದು ಬಂದ ಬಾಯಿಂದ ಬರುತ್ತಿದ್ದ ಮಾತು ಇದು!

ಅವರದೊಂದು ಪದ್ಧತಿ ಇತ್ತು. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ಬಾಯಿ ತೆರೆಯುವ ಪುಟ ಬಂತೋ, ಅಲ್ಲಿಂದ ಕೊನೆಯವರೆಗೆ ಸುತಳಿಯಿಂದ ಹೊಲಿದುಬಿಡುವುದು. ಪುಸ್ತಕ ಒಯ್ದವರು ಹೊಲಿಗೆಯವರೆಗೆ ಓದಿ, ಕೊಲೆಗಾರ ಯಾರು, ಯಾಕೆ ಎಂದು ಚೀಟಿ ಬರೆದು ಡಬ್ಬಿಗೆ ಹಾಕಬೇಕು. ಭಾನುವಾರ ಮಧ್ಯಾಹ್ನ ಎಲ್ಲರ ಎದುರಿಗೆ ಹೊಲಿಗೆ ಕತ್ತರಿಸಿ ಅಮ್ಮ ಕೊನೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಅಮ್ಮನೂ ಚೀಟಿ ಬರೆಯುತ್ತಿದ್ದರು, ಅವರೂ ಹೊಲಿಗೆಯಾಚೆ ಓದಿರುತ್ತಿರಲಿಲ್ಲ. ಅವರ ಚೀಟಿ ತಪ್ಪಿದ್ದನ್ನು ಕಂಡವರಿಲ್ಲ. ಓದಿ ಮುಗಿಸಿದವರು ಹೊರಗೆ ಹೋಗಿ ಕೊಲೆಗಾರನ ಹೆಸರು ಬಾಯಿಬಿಟ್ಟರೆ ಮೂರು ತಿಂಗಳು ಪುಸ್ತಕ ಇಲ್ಲ. "ಕೊಂದವನ್ನಾರ ಬಿಟ್ಟೇನು, ಹೆಸರು ಹೇಳಿದವನ್ನ ಬಿಡಂಗಿಲ್ಲ" ಎನ್ನುತ್ತಿದ್ದರು.

ಭಾನುವಾರಕ್ಕೆ ಖಾಯಂ ಬರುವವರು, ನನ್ನನ್ನು ಬಿಟ್ಟು, ಎಂಟು ಜನ. ಅವರಲ್ಲಿ ಒಬ್ಬರು ಯಶವಂತನಗರದ ಅದಿರು ಲಾರಿ ಡ್ರೈವರ್. ಒಬ್ಬರು ಸಂಡೂರಿನ ನರ್ಸ್, "ಇಷ್ಟು ಗುಳಿಗಿಗೆ ಯಾರೂ ಸಾಯಂಗಿಲ್ರಿ, ವಾಂತಿ ಆಗ್ತದ ಅಷ್ಟ" ಎಂದು ಎಷ್ಟೋ ಲೇಖಕರ ಮಾನ ಕಳೆದವರು. ಇನ್ನೊಬ್ಬರು ಹಂಪಿಯ ಗೈಡ್. ವಾರವಿಡೀ ತಾವು ಊರಿಗೆಲ್ಲ ಕಥೆ ಹೇಳುವುದರಿಂದ ಭಾನುವಾರವಾದರೂ ಯಾರಾದರೂ ತಮಗೆ ಹೇಳಲಿ ಎಂದು ಬರುತ್ತಿದ್ದರು. ನಾನು ತೋರಣಗಲ್ಲಿನ ಒಂದು ಕಾರ್ಖಾನೆಯ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಗುತ್ತಿಗೆ ನೌಕರಳು. ದಿನಾ ಬಸ್ಸಿನಲ್ಲಿ ಓದಿ ಓದಿ, ಒಂದು ದಿನ ನಾನೂ ಬರೆಯಬಲ್ಲೆ ಎಂಬ ಧಿಮಾಕು ಹತ್ತಿತು. ವರ್ಷವಿಡೀ ಕೂತು ಒಂದು ಕಾದಂಬರಿ ಬರೆದೇಬಿಟ್ಟೆ.

ಅಮ್ಮನಿಗೆ ಹುಬ್ಬಳ್ಳಿಯ ಒಬ್ಬ ಪ್ರಕಾಶಕರ ಪರಿಚಯವಿತ್ತು. ಅಮ್ಮ ಹೂಂ ಎಂದರೆ ಅಚ್ಚು ಹಾಕುತ್ತೇನೆ ಎಂದರು ಆ ಪುಣ್ಯಾತ್ಮ. ಅಮ್ಮ ಹೂಂ ಎನ್ನಲು ಒಂದೇ ಷರತ್ತು: "ನಮ್ಮ ಎಂಟು ಮಂದ್ಯಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೋಸ ಆಗಬೇಕು. ಇಲ್ಲಾಂದ್ರ ಇಲ್ಲ." ಆಫೀಸಿನಲ್ಲಿ ಆಗಲೇ ನನ್ನನ್ನು ಬರಹಗಾರ್ತಿ ಮೇಡಂ ಎಂದು ಚುಡಾಯಿಸುತ್ತಿದ್ದರು. ಇದು ಆಗದಿದ್ದರೆ ಇನ್ನು ಪೆನ್ನು ಮುಟ್ಟುವುದಿಲ್ಲ ಎಂದು ನಾನೂ ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದೆ.

ನನ್ನ ಕಥೆಯಲ್ಲಿ ಹೊಸಪೇಟೆಯ ಗಣಿ ಗುತ್ತಿಗೆದಾರನೊಬ್ಬ ಹಾಡುಹಗಲೇ ಕೊಲೆಯಾಗುತ್ತಾನೆ. ಕೊಂದವನು ಅವನ ಸೂಪರ್‌ವೈಸರ್. ದಿನವಿಡೀ ಯಶವಂತನಗರದ ಗಣಿಯಲ್ಲಿದ್ದೆ, ಸೀದಾ ಇಲ್ಲಿಗೇ ಬಂದೆ ಎಂದು ಅವನು ಪೊಲೀಸರಿಗೆ ಸುಳ್ಳು ಹೇಳುತ್ತಾನೆ. ರೈಲಿನ ವೇಳೆ, ನಿಂತ ಗಡಿಯಾರ, ಒಂದು ಫೋನ್ ಕರೆ ಅಂತ ಮೂರು ಸುಳಿವುಗಳನ್ನು ಬಲು ಜಾಣತನದಿಂದ ಬಚ್ಚಿಟ್ಟಿದ್ದೆ. ಭಾನುವಾರ ಡಬ್ಬಿ ತೆರೆದರು. ಅಮ್ಮನದೂ ಸೇರಿ ಒಂಬತ್ತು ಚೀಟಿಗಳಲ್ಲೂ ಸೂಪರ್‌ವೈಸರ್!

"ಹೆಂಗ ಗೊತ್ತಾತು?" ಎಂದೆ.

ಡ್ರೈವರ್ ನಕ್ಕರು. "ಪೊಲೀಸರ ಮುಂದ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕ್ಕೊಂಡು ನಿಂತಾನಲ್ರೀ ಅಂವ. ಗಣಿಯಿಂದ ಸೀದಾ ಬಂದವಂದು ಬಿಳೀ ಅಂಗಿ ಬಿಳೀ ಉಳೀತದೇನ್ರಿ? ನಮ್ಮ ಕಡಿ ಎಮ್ಮಿನೂ ಕೆಂಪ ಆಗಿರ್ತಾವ."

ಬಿಳಿ ಅಂಗಿ ಸುಳಿವೇ ಅಲ್ಲ! ಮನುಷ್ಯ ನೋಡಲು ಚೆಂದ ಕಾಣಲಿ ಎಂದು ತೊಡಿಸಿದ್ದೆ, ಅಷ್ಟೆ. ಅದಿರಿನ ಕೆಂಪು ಧೂಳು ತಿಂದೇ ಬೆಳೆದ ನಾನು ಅದನ್ನೇ ಮರೆತಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಮೂರು ಜಾಣ ಸುಳಿವುಗಳನ್ನು ಒಬ್ಬರೂ ಮೂಸಿ ನೋಡಿರಲಿಲ್ಲ. ಹಾಳೆಗಳನ್ನು ಬಾಚಿಕೊಂಡು ಎದ್ದು ಬಂದೆ.

ಮೂರು ಭಾನುವಾರ ಆ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ಸೋಮವಾರ ಬೆಳಗ್ಗೆ ಕಂಪನಿ ಬಸ್ಸಿಗೆ ಕಾಯುತ್ತಿದ್ದೆ. ಅಮ್ಮ ಸೆರಗು ಬಿಗಿದುಕೊಂಡು ಬಂದು, ಇಡೀ ಶಿಫ್ಟಿಗೆ ಕೇಳುವ ಹಾಗೆ, "ಯಾರನ್ನ ಕೊಂದ್ಯವಾ ಈ ವಾರ?" ಎಂದರು. ಸಾಲಿನಲ್ಲಿದ್ದ ನಲವತ್ತು ಜನ ತಿರುಗಿ ನನ್ನನ್ನು ನೋಡಿದರು.

"ಯಾರನ್ನೂ ಇಲ್ರಿ. ಬಿಟ್ಟೆ. ನನ್ನ ಕೈಲಿ ಆಗಂಗಿಲ್ಲ."

"ಒಂದು ಅಂಗಿಗೆ ಹೆದರಿ ಬಿಟ್ಟೀ? ಥೂ ನಿನ್ನ! ಆ ಅಂಗಿ ಕಳಚಬ್ಯಾಡ. ಎಲ್ಲಾರೂ ಅದನ್ನ ನೋಡ್ತಾರಂತ ಈಗ ಗೊತ್ತಾತಿಲ್ಲೋ? ನೋಡ್ಲಿ ಬಿಡು. ಅವರ ಕಣ್ಣು ಅಲ್ಲಿರ್ಲಿ, ನಿನ್ನ ಕೈ ಬ್ಯಾರೆ ಕಡಿ ಇರ್ಲಿ. ತಪ್ಪು ಮಾಡೀದಿ, ಆ ತಪ್ಪನ್ನ ದುಡಿಸ್ಕೋ."

ಬಸ್ಸು ಬಂತು. ಅಮ್ಮ ನನ್ನ ಕೈಗೆ ಎರಡು ಬಾಳೆಹಣ್ಣು ತುರುಕಿ ಹೊರಟರು. ತೋರಣಗಲ್ಲು ಬರುವವರೆಗೂ ಆ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು.

ರಜೆ ಸಿಕ್ಕಾಗೆಲ್ಲ ಯಶವಂತನಗರಕ್ಕೆ ಹೋಗಿ ಚಹಾದಂಗಡಿಯಲ್ಲಿ ಕೂತೆ. ಲಾರಿ ಇಳಿದವರ ಹುಬ್ಬು, ರೆಪ್ಪೆ, ಉಗುರಿನ ಸಂದಿ ಎಲ್ಲ ಕೆಂಪು. ಒಂದು ದಿನ ಕಿವಿನೋವಿನ ಮುದುಕರೊಬ್ಬರು ಪಕ್ಕದಲ್ಲಿ ಕೂತು ಕಿವಿಯಿಂದ ಹತ್ತಿ ಎಳೆದರು. ಬೆಳಗ್ಗೆಯಷ್ಟೇ ಇಟ್ಟ ಹತ್ತಿ ಸಂಜೆಗೆ ಇಟ್ಟಿಗೆ ಬಣ್ಣ! ನಾನು ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಬಸ್ಸಿಗೆ ಓಡಿದೆ.

ಎರಡು ತಿಂಗಳಲ್ಲಿ ಮತ್ತೆ ಬರೆದೆ. ಬಿಳಿ ಅಂಗಿ ಹಾಗೇ ಇತ್ತು, ಸೂಪರ್‌ವೈಸರನ ಸುಳ್ಳೂ ಹಾಗೇ ಇತ್ತು. ಆದರೆ ಈಗ ಕೊಂದವನು ಗಣಿಯಲ್ಲಿ ಲಾರಿ ತೂಗುವ ತೂಕದ ಮನೆಯ ಗುಮಾಸ್ತ, ಪಾಪದವನಂತೆ ಮೈತುಂಬ ಕೆಂಪು ಧೂಳು ಹೊತ್ತು ಓಡಾಡುವವನು. ಹಾಳೆ ಕೊಟ್ಟಾಗ ಅಮ್ಮ ದಬ್ಬಣವನ್ನು ನನ್ನ ಕೈಗಿತ್ತರು. "ನೀನ ಹೊಲಿ. ಎಲ್ಲಿಂದ ಹೊಲೀಬೇಕಂತನೂ ನಾ ನೋಡಂಗಿಲ್ಲ" ಎಂದು ಗೋಡೆಯ ಕಡೆ ಮುಖ ಮಾಡಿ ಕೂತರು.

ತೀರ್ಪಿನ ಭಾನುವಾರ ಡಬ್ಬಿ ತೆರೆದರು. ಏಳು ಚೀಟಿಯಲ್ಲಿ ಸೂಪರ್‌ವೈಸರ್. "ಮತ್ತ ಬಿಳೀ ಅಂಗಿ! ನಮ್ಮ ಬರಹಗಾರ್ತಿ ಬಾಯಾರು ಏನೂ ಕಲೀಲಿಲ್ಲ ನೋಡ್ರಿ" ಎಂದು ಡ್ರೈವರ್ ತೊಡೆ ತಟ್ಟಿದರು. ನರ್ಸ್ ಮಾತ್ರ ಸತ್ತವನ ಭಾವಮೈದ ಎಂದು ಬರೆದಿದ್ದರು. ಕೊನೆಗೆ ಅಮ್ಮನ ಚೀಟಿ: "ಬಿಳೀ ಅಂಗಿ ಸುಳ್ಳು. ಕೊಂದಾಕಿ ಹೆಂಡ್ತಿ."

ಅಮ್ಮ ಹೊಲಿಗೆ ಕತ್ತರಿಸಿ ಓದತೊಡಗಿದರು. ಸೂಪರ್‌ವೈಸರ್ ಅಂದು ಗಣಿಗೇ ಹೋಗಿರಲಿಲ್ಲ, ಕೆಲಸಕ್ಕೆ ಚಕ್ಕರ್ ಹಾಕಿ ಕಂಪ್ಲಿಗೆ ಹೆಣ್ಣು ನೋಡಲು ಹೋಗಿದ್ದ ಎಂದು ಬಂದಾಗ ಡ್ರೈವರ್ ಮುಖ ಇಳಿಯಿತು. ಹೆಂಡತಿಯೂ ಅಲ್ಲ ಎಂದು ಬಂದಾಗ ಅಮ್ಮನ ದನಿ ನಿಧಾನವಾಯಿತು. ಆಮೇಲೆ ಪತ್ತೇದಾರ ಗುಮಾಸ್ತನ ಕಡೆ ತಿರುಗುತ್ತಾನೆ: "ಅಂಗಿಗೆ ಧೂಳು ಯಾರು ಬೇಕಾದರೂ ಬಳಿದುಕೊಳ್ಳಬಹುದು. ದಿನವಿಡೀ ಗಣಿಯಲ್ಲಿದ್ದೆ ಎನ್ನುವವನ ಕಿವಿಯ ಹತ್ತಿ ಬೆಳ್ಳಗೆ ಹೇಗೆ ಉಳಿಯಿತು?"

ಅಮ್ಮ ಓದು ನಿಲ್ಲಿಸಿ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಸಿಕ್ಕಿತು. ಗುಮಾಸ್ತ ಮೊದಲು ಕಾಣಿಸಿಕೊಳ್ಳುವಲ್ಲೇ ಬರೆದಿದ್ದೆ: ಕಿವಿಯ ಬಿಳಿ ಹತ್ತಿಯನ್ನು ಒತ್ತಿಕೊಳ್ಳುತ್ತ, ಏನಂದಿರಿ ಎಂದು ಕೇಳಿದ. ಎಲ್ಲರೂ ಓದಿದ್ದ ಸಾಲು, ಒಬ್ಬರೂ ನೋಡದ ಸಾಲು. ಡ್ರೈವರ್ ಹಣೆ ಚಚ್ಚಿಕೊಂಡರು. "ದಿನಾ ಕಿವಿ ತೊಳ್ಕೊಳ್ಳಾಂವ ನಾನು! ನನಗ ಹೊಳೀಲಿಲ್ಲಲ್ಲೋ ಯಪ್ಪಾ!"

ಅಮ್ಮ ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು. ಬೈಯುತ್ತಾರೆ ಎಂದುಕೊಂಡೆ.

"ಮೂವತ್ತು ವರ್ಷ ಆತಲೇ" ಎಂದರು. "ಯಾರಾರ ಒಬ್ಬರು ನನಗ ಮೋಸ ಮಾಡ್ತಾರೇನಂತ ಕಾಯ್ಕೊಂತ ಕುಂತಿದ್ದೆ."

ಹಾಗೆಂದವರೇ ಬರಿಗಾಲಲ್ಲಿ ಓಣಿಗೆ ಇಳಿದರು. "ನಾ ಸೋತೆನ್ರಪ್ಪೋ!" ಎಂದು ಮಿರ್ಚಿ ಬಜ್ಜಿ ಅಂಗಡಿಯವರಿಗೆ ಕೂಗಿ ಹೇಳಿದರು, ಎದುರು ಮನೆಯವರನ್ನು ಕರೆದು ಹೇಳಿದರು. ಎಲ್ಲರಿಗೂ ಮಿರ್ಚಿ ಬಂತು. ಪ್ರಕಾಶಕರಿಗೆ ಅಲ್ಲಿಂದಲೇ ಫೋನು. "ಜಲ್ದಿ ಅಚ್ಚು ಹಾಕ್ರಿ. ಏನ್ ವಿಚಾರ ಮಾಡ್ತೀರಿ? ನನ್ನ ಸೋಲಿಸ್ಯಾಳಂದ್ರ ಸೋಲಿಸ್ಯಾಳ!" ನಾನು ಮಿರ್ಚಿ ತಿನ್ನುತ್ತ ಅತ್ತೆ. ಖಾರಕ್ಕೆ ಎಂದು ಎಲ್ಲರಿಗೂ ಹೇಳಿದೆ.

ಪುಸ್ತಕ ಬಂತು. ಆಮೇಲೆ ಇನ್ನೂ ಮೂರು ಬಂದವು. ಬೆಂಗಳೂರಿನ ಸಭೆಗಳಲ್ಲಿ ಶಾಲು ಹೊದಿಸಿದರು, ಕುತೂಹಲ ಕಟ್ಟುವ ಕಲೆ ಎಲ್ಲಿ ಕಲಿತಿರಿ ಎಂದು ಕೇಳಿದರು. ಹೊಸಪೇಟೆಯ ಓಣಿಯಲ್ಲಿ, ಎಂಟು ಜನರ ಮುಂದೆ ಮಾನ ಕಳೆದುಕೊಂಡು ಎಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಹೋದ ವರ್ಷ ಕಾಲು ಸೋತ ಮೇಲೆ ಮಗ ಅಮ್ಮನನ್ನು ಕಂಪ್ಲಿಗೆ ಕರೆದುಕೊಂಡು ಹೋದರು. ಒಂದು ಬೆಳಗ್ಗೆ ನರ್ಸ್ ಫೋನ್ ಮಾಡಿ, "ಅಮ್ಮ ಹೋದರ್ರೀ" ಎಂದರು. ಆ ಎಂಟೂ ಮಂದಿ, ನಾನು, ಎಲ್ಲರೂ ಒಂದೇ ಜೀಪಿನಲ್ಲಿ ಹೋದೆವು. ಗಿರಣಿ ಮನೆಯ ಅಂಗಳದ ತುಂಬ ಜನ, ಭಜನೆ ನಡೆದಿತ್ತು. ಅಮ್ಮನನ್ನು ಹೂವಿನ ನಡುವೆ ಕೂಡಿಸಿದ್ದರು. ಆ ಬಳಗದಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ನಾನು ಬಾಗಿಲ ಬಳಿಯೇ ನಿಂತಿದ್ದೆ. ಮಗ ಹತ್ತಿರ ಬಂದು, ಪುಸ್ತಕದ ಹಿಂದಿನ ಫೋಟೋ ನೆನಪಾದವರಂತೆ ನನ್ನ ಮುಖವನ್ನೇ ನೋಡಿದರು.

"ನಮ್ಮವ್ವನ್ನ ಸೋಲಿಸಿದಾಕಿ ನೀವ ಅಲ್ರೀ?"

ಭಜನೆಯವರು ಕೂಡ ಒಂದು ಕ್ಷಣ ತಿರುಗಿ ನೋಡಿದರು. ಮುದುಕಿಯರು ಪಿಸುಗುಟ್ಟಿ ಸರಿದು, ಅಮ್ಮನ ಪಕ್ಕದಲ್ಲೇ ನನಗೆ ಜಾಗ ಮಾಡಿಕೊಟ್ಟರು. ಸಾವಿನ ಮನೆ ಎಂಬುದನ್ನೂ ಮರೆತು, ತಲೆ ಎತ್ತಿ, ಗಟ್ಟಿಯಾಗಿ ಹೇಳಿದೆ:

"ಹೌದ್ರೀ. ನಾನ."