ಓಣಿಗೆಲ್ಲ ಒಂದೇ ನಂಬರು

ಮಾಸ್ತರರ ಬಲಗೈ ಸದಾ ಎದೆಯ ಮೇಲಿರುತ್ತಿತ್ತು. ಹೊಸಬರು ಎದೆಬೇನೆ ಎಂದುಕೊಳ್ಳುತ್ತಿದ್ದರು. ಅದಲ್ಲ, ಕಿವಿ ಮಂದವಾಗಿದ್ದ ಅವರಿಗೆ ಜೇಬಿನಲ್ಲಿ ಫೋನು ನಡುಗಿದ್ದು ಅಂಗೈಗೇ ತಿಳಿಯಬೇಕಿತ್ತು.

ಆ ಕೈಯನ್ನು ಅಲ್ಲಿ ಇಡಿಸಿದವನು ನಾನೇ. ಇಳಕಲ್ಲಿನ ನೇಕಾರರ ಓಣಿಯ ಬಾಯಿಗೆ ನನ್ನ ಕಂಪ್ಯೂಟರ್ ಅಂಗಡಿ. ಪಿಂಚಣಿ, ರೇಷನ್ ಕಾರ್ಡು ಎಲ್ಲವೂ ಆನ್‌ಲೈನ್ ಆದ ಮೇಲೆ ಮೊಬೈಲ್ ನಂಬರು ಹಾಕದೆ ಅರ್ಜಿ ಮುಂದಕ್ಕೇ ಹೋಗುತ್ತಿರಲಿಲ್ಲ. ಓಣಿಯ ಮುದುಕಿಯರಿಗೆ ಫೋನೆಲ್ಲಿ? ಶಾಲೆಯಿಂದ ನಿವೃತ್ತರಾಗಿದ್ದ ಮಾಸ್ತರರು, “ನಂದ ಹಾಕಪಾ. ಓಣಿ ಮಂದಿ ಅಂದ್ರ ಮನಿ ಮಂದಿ” ಎಂದರು. ಹಾಕಿದೆ. ಒಬ್ಬರಿಗಲ್ಲ, ಓಣಿಗೆಲ್ಲ. ಕೆಲಸ ಸಲೀಸಾಯಿತೆಂದು ಹಿಗ್ಗಿದ್ದೂ ಉಂಟು.

ಅಲ್ಲಿಂದ ಅವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ನಾನಿಲ್ಲಿ ಗುಂಡಿ ಒತ್ತಿದರೆ ಅಲ್ಲಿ ಅವರ ಜೇಬು ನಡುಗುವುದು. ಫೋನಿಗೆ ಬರುವ ಆ ಒಟಿಪಿ ಅಂಕಿಗೆ ಹತ್ತೇ ನಿಮಿಷದ ಆಯುಷ್ಯ. ಉಣ್ಣುವ ತಾಟು ಬಿಟ್ಟು ಎದ್ದು ಬರುತ್ತಿದ್ದರು. ಬಂದರೂ ಅಂಕಿಯನ್ನು ತಾವು ಹೇಳುತ್ತಿರಲಿಲ್ಲ. ಅರ್ಜಿ ಹಾಕಿದ ಮುದುಕಿಯ ಕಿವಿಯಲ್ಲಿ ಉಸುರಿ, ಪಾಠ ಒಪ್ಪಿಸಿದಂತೆ ಅವಳಿಂದಲೇ ಹೇಳಿಸುತ್ತಿದ್ದರು. “ಪಿಂಚಣಿ ನಿಂದು. ನೀನ ಹೇಳಬೇಕು.”

ಬರಬರುತ್ತ ನಾಲ್ಕು ಹೆಜ್ಜೆಗೆ ಏದುಸಿರು ಬಿಡತೊಡಗಿದರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ಮಗಳು ದೊಡ್ಡ ಡಾಕ್ಟರಿಗೆ ತೋರಿಸುತ್ತೇನೆಂದು ಕರೆದಳು. ಹೋಗಲಿಲ್ಲ.

“ನಾ ಅಲ್ಲಿ ಹೋಗಿ ಕುಂತ್ರ ಇಲ್ಲಿ ಇವರ ನಂಬರ್ ಯಾರು ಹೇಳ್ತಾರಪಾ?”

ಮಾಸ್ತರರ ನಂಬರು ತೆಗೆದು ಒಬ್ಬೊಬ್ಬರಿಗೂ ಅವರವರ ಬಳಗದವರ ನಂಬರು ಹಾಕುವುದು ನನ್ನ ಕೆಲಸ. “ಮುಂದಿನ ವಾರ ಮಾಡೂಣ್ರಿ” ಎನ್ನುತ್ತ ವಾರಗಳನ್ನು ದೂಡಿದೆ. ಸೋಮಾರಿತನ, ಇನ್ನೇನಲ್ಲ.

ಹೋದ ಶ್ರಾವಣದಲ್ಲಿ ಒಂದು ಮುಂಜಾನೆ, ಮಗ್ಗಕ್ಕೆ ನೂಲು ಸುತ್ತಿಕೊಡುವ ಅಜ್ಜಿಯೊಬ್ಬಳ ಪಿಂಚಣಿ ನಿಂತಿತೆಂದು ಅವಳೊಡನೆ ಬಂದರು. ನಾನು ಗುಂಡಿ ಒತ್ತಿದೆ. ಮಾಸ್ತರರು ಎದೆಯನ್ನು ಬಿಗಿಯಾಗಿ ಹಿಡಿದು ಬೆಂಚಿನ ಮೇಲೆ ಕೂತರು.

“ನಂಬರ್ ಬಂತೇನ್ರಿ ಮಾಸ್ತರ?” ಎಂದಳು ಅಜ್ಜಿ.

ನಾನೂ ಹಾಗೇ ತಿಳಿದೆ. ಅವರು ಜೇಬಿಗೆ ಕೈ ಹಾಕಲಿಲ್ಲ. ಹೊತ್ತು ಮೀರುತ್ತದೆಂದು ಅವರ ಕೈ ಸರಿಸಿ ಫೋನು ತೆಗೆದೆ. ನಂಬರು ಬಂದೇ ಇತ್ತು. ಅಂಕಿ ಹಾಕಿದೆ; ಅಜ್ಜಿಯ ಅರ್ಜಿ ಸಲ್ಲಿಕೆಯಾಯಿತು. ಆಮೇಲೆಯೇ ನಾನು ಅವರ ಮುಖ ನೋಡಿದ್ದು. ದವಾಖಾನೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ.

ದಿನಕರ್ಮಗಳಾದ ಮೇಲೆ ಮಗಳು ಆ ಫೋನನ್ನು ನನಗೇ ಕೊಟ್ಟಳು. ಇನ್ನೂ ಹನ್ನೊಂದು ಮಂದಿಯ ನಂಬರು ಬದಲಿಸುವುದಿದೆ. ಅಲ್ಲಿಯವರೆಗೆ ಆ ಫೋನು ನನ್ನ ಜೇಬಿನಲ್ಲಿ ನಡುಗುತ್ತದೆ. ನಡುಗಿದಾಗಲೆಲ್ಲ, ತಡವಾದರೂ ಆಗಲಿ, ಮೊದಲು ಎದುರಿಗೆ ಕೂತವರ ಮುಖ ನೋಡುತ್ತೇನೆ.