ನಾಗಯ್ಯನವರ ಬ್ಯಾಕಪ್ಪು

ತಿ. ನರಸೀಪುರದ ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಕಡತ ಕಾದು ನಿವೃತ್ತರಾದ ನಾಗಯ್ಯನವರು ಯಾವುದನ್ನೂ ಸುಮ್ಮನೆ ನಂಬುವವರಲ್ಲ. ಹಾಲಿನವನು ಅಳೆದುಕೊಟ್ಟ ಹಾಲನ್ನು ಒಳಗೆ ಒಯ್ದು ಮತ್ತೊಮ್ಮೆ ಅಳೆಯುವವರು. 2009ರಲ್ಲಿ ಮಗಳು ಕವನ, ಕಂಪ್ಯೂಟರಿನಲ್ಲಿರುವುದೆಲ್ಲ ದಿನವೂ ತಾನಾಗಿ ನಕಲಾಗಲೆಂದು ವೈರ್‌ಲೆಸ್ ಹಾರ್ಡ್ ಡಿಸ್ಕೊಂದನ್ನು ತಂದು ಬೀರುವಿನ ಮೇಲಿಟ್ಟಳು. "ತಂತಿ ಇಲ್ದೆ ಓಗೋ ಫೈಲು ದಾರೀಲಿ ಪಕ್ಕದ್ಮನೆಗೆ ನುಗ್ಗಿದ್ರೆ ಏನವ್ವಾ ಮಾಡ್ತೀಯ?" ಎಂದು ಕೇಳಿದ ನಾಗಯ್ಯನವರು ಅಂದಿನಿಂದ ಬ್ಯಾಕಪ್ಪಿನ ಹೊತ್ತಿಗೆ ಕಿಟಕಿಗಳನ್ನೆಲ್ಲ ಮುಚ್ಚಿಸುತ್ತಿದ್ದರು; ಪಕ್ಕದ ಮನೆಯ ನಟರಾಜ್ ಬಂದರೆ ಜಗಲಿಯಲ್ಲೇ ಕೂರಿಸಿ ಮಾತಿಗೆಳೆಯುತ್ತಿದ್ದರು; ಆಮೇಲೆ ಒಂದೊಂದೇ ನಕಲನ್ನು ತೆರೆದು ಅಸಲಿನೊಂದಿಗೆ ತಾಳೆ ನೋಡುತ್ತಿದ್ದರು. ಒಂದು ಬೆಳಿಗ್ಗೆ ಕಂಪ್ಯೂಟರು ಕೆಟ್ಟು ಅದರಲ್ಲಿದ್ದುದೆಲ್ಲ ಹೋಯಿತು. ಕವನ ಬೀರುವಿನ ಮೇಲಿನ ಡಿಸ್ಕಿನಿಂದ ಎಲ್ಲವನ್ನೂ ಮರಳಿ ತುಂಬಿಸಿದಾಗ, ಪಿಂಚಣಿ ಕಾಗದ ಆಮೇಲೆ ನೋಡಿದರಾಯಿತೆಂದು, ಐವತ್ತನೇ ವಯಸ್ಸಿನಲ್ಲಿ ಅಕ್ಷರ ಕಲಿತ ಹೆಂಡತಿ ಮುದ್ದಮ್ಮ ಮೊದಲ ಸಲ ತನ್ನ ಹೆಸರು ಬರೆದಿದ್ದ ಹಾಳೆಯ ಚಿತ್ರವನ್ನೇ ಅವರು ಮೊದಲು ತೆರೆದರು. ಆ ಹಾಳೆಯನ್ನು ಎಂದೋ ಗೆದ್ದಲು ತಿಂದು ಮುಗಿಸಿತ್ತು. ಬಹಳ ಹೊತ್ತು ನೋಡಿ, ಕೊನೆಗೆ ಅಡುಗೆಮನೆಯಲ್ಲಿದ್ದ ಮುದ್ದಮ್ಮನನ್ನೇ ಕರೆದು, "ಸರಿಯಾಗಿ ನೋಡು, ಯಾರೂ ತಿದ್ದಿಲ್ಲ ತಾನೆ?" ಎಂದರು. ಆಕೆ ಸೆರಗಿಗೆ ಕೈ ಒರೆಸುತ್ತ ಬಗ್ಗಿ ನೋಡಿ, "ನಂದೇಯ. ತಿದ್ದಿದ್ರೆ ಇಷ್ಟು ಸೊಟ್ಟಗಿರ್ತಿತ್ತಾ?" ಎಂದಳು.