ಬ್ರೇಕಿಗೊಂದು ಮೌನಾಚರಣೆ

ಗೆಳೆಯರೇ, ಇಂದು ಕಮ್ಮರಡಿಯಲ್ಲಿ ಒಂದು ಬ್ರೇಕಿಗೆ ಶ್ರದ್ಧಾಂಜಲಿ ಸಲ್ಲಿಸಲಾಯಿತು. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ದೊಡ್ಡಪ್ಪನ ಅಂಬಾಸಿಡರಿನ ಹಿಂದಿನ ಬ್ರೇಕ್ ಡ್ರಮ್ಮು ತುಕ್ಕು ಹಿಡಿದು, ಚಕ್ರ ತಿರುಗದಂತೆ ಕಚ್ಚಿಕೊಂಡಿತ್ತು. "ಇವತ್ತು ಗಾಡಿ ಅಲುಗಾಡದಿದ್ರೆ ನಾಳೆ ಗುಜರಿಗೆ," ಎಂದು ದೊಡ್ಡಮ್ಮ ತೀರ್ಪು ಕೊಟ್ಟಾಗಿತ್ತು.

ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಬಡಿದು ಬಡಿದು ದೊಡ್ಡಪ್ಪ ಸುಸ್ತಾದರು. ನಾನು ಕೈಮುಗಿದು, "ಅಗಲಿದ ಬ್ರೇಕಿಗಾಗಿ ಒಂದು ನಿಮಿಷ ಮೌನ," ಎಂದೆ.

"ಬಾಯಿ ಮುಚ್ಚೋ ಮಾರಾಯ!" ದೊಡ್ಡಪ್ಪ ಸಿಟ್ಟಿನಲ್ಲಿ ಇನ್ನೊಂದು ಏಟು ಹಾಕಿದರು. ಟಕ್ಕನೆ ಡ್ರಮ್ಮು ಬಿಟ್ಟುಕೊಂಡಿತು. ಕಾರು ಇಳಿಜಾರಿನಲ್ಲಿ ತಾನಾಗಿ ಹೊರಟು, ಅಂಗಳ ದಾಟಿ, ಅಡಿಕೆ ಸಿಪ್ಪೆಯ ರಾಶಿಗೆ ಮೂತಿ ತೂರಿಸಿ ನಿಂತಿತು.

ಹಿಂದೆಯೇ ಓಡಿದ ದೊಡ್ಡಪ್ಪ ಕುಣಿದಾಡಿದರು: "ಅಲುಗಾಡ್ತಲ್ಲೇ ಮಾರಾಯ್ತಿ, ನೋಡು!"

ಜಗಲಿಯಲ್ಲಿ ನಿಂತು ನೋಡುತ್ತಿದ್ದ ದೊಡ್ಡಮ್ಮ ನಗು ತಡೆಯಲಾರದೆ ಒಳಗೆ ಹೋದರು. ಕಾರು ಉಳಿಯಿತು. ಬ್ರೇಕ್ ಹಾಕಿದರೆ ನಿಲ್ಲಬೇಕು ಎಂಬ ಷರತ್ತನ್ನು ಅವರು ಹಾಕಿರಲಿಲ್ಲ.